ಸಹಾಯ ಬೇಕು: ಏಳು ವರ್ಷಗಳ ನಂತರ ಮತ್ತೆ ಪ್ರಯೋಗಾಲಯಕ್ಕೆ

ಎಲ್ಲರಿಗೂ ನಮಸ್ಕಾರ. ಮೈಸೂರಿನವಳು, ಜೀವರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಐವತ್ತು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ಹೆರಿಗೆ ಸೌಲಭ್ಯ ಕಾಯ್ದೆ ತಿದ್ದುಪಡಿ ಹೇಳಿತ್ತು; ನಮ್ಮಲ್ಲಿ ಆ ಕೋಣೆಯಲ್ಲಿ ಕೆಟ್ಟ ಪ್ರಿಂಟರ್‌ಗಳಿದ್ದವು. ‘ಕೆಲಸ ಬಿಡಿ’ ಎಂದು ಯಾರೂ ಹೇಳಲಿಲ್ಲ, ಸಂಜೆ ಆರರ ಮೀಟಿಂಗ್ ಮಾತ್ರ ತಪ್ಪಲಿಲ್ಲ.

ಮೊನ್ನೆ ಮಗಳಿಗೆ ಜ್ವರದ ಔಷಧಿ ಹಾಕುವಾಗ ಡ್ರಾಪರನ್ನು ಲ್ಯಾಬಿನಲ್ಲಿ ದ್ರವ ಅಳೆಯುವ ಪಿಪೆಟ್ಟಿನಂತೆ ಕಣ್ಣಿನ ಮಟ್ಟಕ್ಕೆ ಹಿಡಿದಿದ್ದೆ. ಕೈ ಇನ್ನೂ ಮರೆತಿಲ್ಲ!

ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಹಿಳಾ ವಿಜ್ಞಾನಿಗಳಿಗೆ ಕೊಡುವ ವೈಸ್‌-ಕಿರಣ್ ಫೆಲೋಶಿಪ್‌ಗೆ ಇಲ್ಲಿ ಯಾರಾದರೂ ಅರ್ಜಿ ಹಾಕಿದ್ದೀರಾ? ಮಾರ್ಗದರ್ಶಕರನ್ನು ಹೇಗೆ ಹುಡುಕಿದಿರಿ? ಖಾಲಿ ವರ್ಷಗಳ ಬಗ್ಗೆ ಬಯೋಡೇಟಾದಲ್ಲಿ ಏನು ಬರೆದಿರಿ? ‘ಮನೆಯಲ್ಲೇ ಟ್ಯೂಷನ್ ಮಾಡಿ’ ಎಂಬ ಸಲಹೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ, ದಯವಿಟ್ಟು ಅದೊಂದು ಬೇಡ.