ವ್ಯಾಯಾಮದಿಂದ ಕಚೇರಿಯ ಕೆಲಸ ಸುಧಾರಿಸುವುದೇ, ಇಲ್ಲ ಬಿಡುವಿದ್ದವರಷ್ಟೇ ವ್ಯಾಯಾಮ ಮಾಡುತ್ತಾರೆಯೇ?

ಪ್ರಶ್ನೆ – ಬ್ಯಾಂಕ್ ನೌಕರ, ದಾವಣಗೆರೆ

ನನಗೆ 41 ವರ್ಷ. ಎರಡು ವರ್ಷದ ಹಿಂದೆ ವರ್ಗವಾಗಿ ಈ ಶಾಖೆಗೆ ಬಂದು ಸಾಲ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ಬೆಳಗ್ಗೆ ಕುರ್ಚಿಯಲ್ಲಿ ಕುಳಿತರೆ ಏಳುವುದು ಊಟಕ್ಕೆ, ಆಮೇಲೆ ಸಂಜೆ ಮನೆಗೆ. ಮಧ್ಯಾಹ್ನ ಮೂರರ ನಂತರ ಕಣ್ಣು ಎಳೆಯತೊಡಗುತ್ತದೆ. ಕಳೆದ ತಿಂಗಳು ಒಂದು ಕಡತದಲ್ಲಿ ಬಡ್ಡಿದರವನ್ನು 9.5 ಎಂದು ನಮೂದಿಸುವ ಬದಲು 5.9 ಎಂದು ನಮೂದಿಸಿದ್ದೆ. ಅದನ್ನು ಹಿಡಿದವರು ಪಕ್ಕದ ಮೇಜಿನ ಸಹೋದ್ಯೋಗಿ. ನನಗಿಂತ ಆರು ವರ್ಷ ಹಿರಿಯರಾದ ಅವರು ದಿನವೂ ಬೆಳಗ್ಗೆ ಐದೂವರೆಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತಾರೆ, ಮತ್ತು ಮಾರ್ಚ್ ಕೊನೆಯ ವಾರದ ಗಡಿಬಿಡಿಯಲ್ಲೂ ಅವರ ದನಿ ಏರಿದ್ದನ್ನು ನಾನು ಕೇಳಿಲ್ಲ. ಆದರೆ ಅವರ ಮಕ್ಕಳು ದೊಡ್ಡವರಾಗಿದ್ದಾರೆ, ಮನೆಯೂ ಕೆರೆಗೆ ಹತ್ತಿರ. ಹೀಗಿರುವಾಗ ನಡಿಗೆಯಿಂದ ಅವರಿಗೆ ಈ ಸಮಾಧಾನ ಬಂದಿತೇ, ಅಥವಾ ಮೊದಲೇ ಸಮಾಧಾನವೂ ಬಿಡುವೂ ಇದ್ದುದರಿಂದ ನಡೆಯುತ್ತಿದ್ದಾರೆಯೇ?

ಉತ್ತರ 1 – ವೈದ್ಯೆ, ಶಿವಮೊಗ್ಗ

ನಿಮ್ಮ ಅನುಮಾನ ಹಳೆಯದು, ನ್ಯಾಯವಾದದ್ದೂ ಹೌದು. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಚಾಲಕರಲ್ಲಿ ಹೃದ್ರೋಗ ಹೆಚ್ಚು ಎಂದು ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು. ಆದರೆ 1956ರಲ್ಲಿ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಚಿಕ್ಕ ವಯಸ್ಸಿನ ಚಾಲಕರ ಪ್ಯಾಂಟಿನ ಸೊಂಟದ ಸುತ್ತಳತೆಯೂ ಕಂಡಕ್ಟರುಗಳದ್ದಕ್ಕಿಂತ ಹೆಚ್ಚಿತ್ತು. ಅಂದರೆ ಎರಡು ಗುಂಪುಗಳ ನಡುವೆ ಕೆಲಸದ ಬಗೆಯಲ್ಲದೆ ಬೇರೆ ವ್ಯತ್ಯಾಸವೂ ಇತ್ತು. ಈ ತೊಡಕನ್ನು ಬಿಡಿಸಲು ನೆರವಾದದ್ದು ನಿಮ್ಮಂತೆಯೇ ಮೇಜಿನ ಕೆಲಸದವರ ಅಧ್ಯಯನ: 40ರಿಂದ 64 ವಯಸ್ಸಿನ ಸುಮಾರು 17,000 ಬ್ರಿಟಿಷ್ ಸರ್ಕಾರಿ ನೌಕರರಲ್ಲಿ, ಬಿಡುವಿನಲ್ಲಿ ಬಿರುಸಿನ ವ್ಯಾಯಾಮ ಮಾಡುತ್ತಿದ್ದವರ ಹೃದ್ರೋಗದ ಅಪಾಯ ಉಳಿದವರದ್ದರ ಸುಮಾರು ಮೂರನೆಯ ಒಂದು ಭಾಗದಷ್ಟಿತ್ತು ಎಂದು ಅವರು 1973ರಲ್ಲಿ ಪ್ರಕಟಿಸಿದರು.

ಇದು ಹೃದಯದ ಮಾತು, ಬಡ್ಡಿದರದ ಮಾತಲ್ಲ ಎಂದು ನೀವು ಹೇಳಬಹುದು. ನಿಮ್ಮ ಮೂರು ಗಂಟೆಯ ಮಂಪರಿಗೆ ಹತ್ತಿರವಾದದ್ದು ಇನ್ನೊಂದು: ಊಟದ ನಂತರ ಸ್ವಲ್ಪ ನಡೆದರೆ ಕಾಲಿನ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು, ಇನ್ಸುಲಿನ್ನಿನ ನೆರವನ್ನು ಹೆಚ್ಚು ಕಾಯದೆ, ನೇರವಾಗಿ ಎಳೆದುಕೊಳ್ಳುತ್ತವೆ, ಅದರಿಂದ ಸಕ್ಕರೆ ಒಮ್ಮೆಲೇ ಏರಿ ಇಳಿಯುವುದು ತಗ್ಗುತ್ತದೆ. ಜೊತೆಗೆ ನಿತ್ಯದ ನಡಿಗೆಯಿಂದ ರಾತ್ರಿಯ ನಿದ್ರೆ ಸುಧಾರಿಸುತ್ತದೆ. ನನ್ನ ಅನುಭವದಲ್ಲಿ, ಕಚೇರಿಯ ತಪ್ಪುಗಳಲ್ಲಿ ಬಹುಪಾಲು ಹಿಂದಿನ ರಾತ್ರಿಯೇ ಆರಂಭವಾಗಿರುತ್ತವೆ.

ಉತ್ತರ 2 – ಸಾಫ್ಟ್‌ವೇರ್ ಪರೀಕ್ಷಕಿ, ಬೆಂಗಳೂರು

ಬೆಳಗ್ಗೆ ಐದೂವರೆಗೆ ಕೆರೆಯ ಏರಿ ಎಂಬುದು ನನ್ನಂಥವರಿಗೆ ಆಗದ ಮಾತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಮಗನ ಡಬ್ಬಿಗೆ ಚಪಾತಿ ಲಟ್ಟಿಸುತ್ತಿರುತ್ತೇನೆ. ಹಾಗಾಗಿ ನಾನು ಬೇರೆ ಹೊತ್ತನ್ನು ಹುಡುಕಿಕೊಂಡೆ. ಬಸ್ಸನ್ನು ಒಂದು ನಿಲ್ದಾಣ ಮೊದಲೇ ಇಳಿಯುತ್ತೇನೆ, ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತುತ್ತೇನೆ, ಊಟವಾದ ಮೇಲೆ ಕಟ್ಟಡದ ಕೆಳಗಿನ ವಾಹನ ನಿಲುಗಡೆಯ ಇಳಿಜಾರಿನಲ್ಲಿ, ಕಾವಲುಗಾರರು ವಿಚಿತ್ರವಾಗಿ ನೋಡಿದರೂ ಬಿಡದೆ, ಹದಿನೈದು ನಿಮಿಷ ಮೇಲೆ ಕೆಳಗೆ ನಡೆಯುತ್ತೇನೆ. ಐದಾರು ವಾರ ಕಳೆದ ಮೇಲೆ, ಮೂರೂವರೆಯ ಪರಿಶೀಲನಾ ಸಭೆಯಲ್ಲಿ ಯಾರು ಏನು ಹೇಳಿದರೆಂದು ಮತ್ತೆ ಕೇಳುವ ಪ್ರಸಂಗ ನನಗೆ ಬರಲಿಲ್ಲ. ಬಡ್ತಿ ಮಾತ್ರ ಆ ವರ್ಷ ಬೇರೊಬ್ಬರಿಗೆ ಸಿಕ್ಕಿತು. ಅವರು ಲಿಫ್ಟ್ ಬಿಟ್ಟು ಓಡಾಡಿದವರೇ ಅಲ್ಲ!

ಉತ್ತರ 3 – ನಿವೃತ್ತ ಎಂಜಿನಿಯರ್, ಮೈಸೂರು

ಮೇಡಂ ಹೇಳಿದ್ದು ಸರಿ. ವ್ಯಾಯಾಮ ಮಾಡಿದವನಿಗೆ ಬಡ್ತಿ ಎಂದು ಯಾವ ಕಚೇರಿಯ ನಿಯಮದಲ್ಲೂ ಬರೆದಿಲ್ಲ. ಹನ್ನೆರಡು ಗಂಟೆ ದುಡಿಸುವ ಮೇಲಧಿಕಾರಿ ಇದ್ದರೆ ಅದಕ್ಕೆ ಸೂರ್ಯನಮಸ್ಕಾರ ಮದ್ದಲ್ಲ. ಪ್ರಶ್ನೆ ಕೇಳಿದವರಿಗೆ ಒಂದು ಎಚ್ಚರಿಕೆ: ನಾನು ನಲವತ್ತೈದರಲ್ಲಿ ಹುರುಪು ಬಂದು ಮೊದಲ ಭಾನುವಾರವೇ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆ. ಇಳಿಯುವಾಗಲೇ ತೊಡೆ ನಡುಗುತ್ತಿತ್ತು. ಸೋಮವಾರ ಕಚೇರಿಯ ಎಂಟು ಮೆಟ್ಟಿಲು ಹತ್ತಲಾರದೆ ಎರಡು ದಿನ ರಜೆ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ಶ್ರಮ ಮತ್ತು ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ದಿನಕ್ಕೆ ಇಪ್ಪತ್ತೈದು ನಿಮಿಷದಂತೆ ಆರು ದಿನ ನಡೆದರೆ ಮೊದಲನೆಯದು ಮುಗಿಯಿತು. ಬೆಟ್ಟ ಅಲ್ಲೇ ಇರುತ್ತದೆ, ನಿಧಾನವಾಗಿ ಹತ್ತಬಹುದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನಿನ್ನೆ ಊಟದ ನಂತರ ಶಾಖೆಯ ಹಿಂದಿನ ಓಣಿಯಲ್ಲಿ ಹನ್ನೆರಡು ನಿಮಿಷ ನಡೆದೆ. ಒಂದು ದಿನದ ನಡಿಗೆಯಿಂದ ಏನನ್ನೂ ಹೇಳಲು ಬರುವುದಿಲ್ಲ. ಆದರೆ ನೇರವಾಗಿ ಸಹೋದ್ಯೋಗಿಯವರನ್ನೇ ಕೇಳಿಬಿಟ್ಟೆ. ಅವರು ನಡಿಗೆ ಆರಂಭಿಸಿದ್ದು ನಾಲ್ಕು ವರ್ಷದ ಹಿಂದೆ, ರಕ್ತದೊತ್ತಡ ಹೆಚ್ಚಿದೆ ಎಂದು ವೈದ್ಯರು ಹೇಳಿದ ಮೇಲೆ. ಆಗ ಮಕ್ಕಳಿನ್ನೂ ಶಾಲೆಯಲ್ಲಿದ್ದರಂತೆ. ಅದಕ್ಕೂ ಮೊದಲು ಕೌಂಟರಿನಲ್ಲಿ ಗ್ರಾಹಕರ ಮೇಲೆ ಕೂಗಾಡುವವರೆಂದು ಅವರ ಬಗ್ಗೆ ಎರಡು ದೂರುಗಳು ಬಂದಿದ್ದವಂತೆ. ಪಕ್ಕದಲ್ಲಿದ್ದ ನಗದು ವಿಭಾಗದವರು ನಗುತ್ತಾ, ‘ಎರಡಲ್ಲ ಸಾರ್, ಮೂರು’ ಎಂದರು.