ಮೂಡಲ್ ಕಡ್ಡಾಯ ಮಾಡಿದ್ರೆ ಲೆಕ್ಚರರ್ಸ್ ಕಲೀತಾರಾ?

ಕೊಣಾಜೆ_ಗುಡ್ಡೆ: ನಮ್ಮ ಕಾಲೇಜಲ್ಲಿ ಈ ಸೆಮ್‌ನಿಂದ ಎಲ್ರೂ ಮೂಡಲ್ (ನೋಟ್ಸ್, ಕ್ವಿಜ್ ಎಲ್ಲ ಆನ್‌ಲೈನಲ್ಲಿ ಹಾಕುವ ಸಾಫ್ಟ್‌ವೇರ್) ಬಳಸ್ಬೇಕು ಅಂತ ಸರ್ಕ್ಯುಲರ್ ಬಂತು, ಟ್ರೈನಿಂಗ್ ಸಹ ಆಯ್ತು, ಎಸಿ ಹಾಲ್, ಬನ್ಸ್, ಚಾ, ಕೊನೆಗೆ ಸರ್ಟಿಫಿಕೇಟ್. ಈಗ ತೆರೆದು ನೋಡಿದ್ರೆ ಎಲ್ಲರ ಕೋರ್ಸಲ್ಲೂ ಹಳೇ ಪಿಪಿಟಿ ಮಾತ್ರ ಉಂಟು, ಅದೂ ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ತೋರಿಸ್ಲಿಕ್ಕೆ. ನಮ್ಮವರನ್ನ ಒಪ್ಪಿಸುದು ಹೇಗೆ ಮಾರಾಯ್ರೆ?

ಗೆಸ್ಟ್_ಉಡುಪಿ: ಒಪ್ಪಿಸುದು ಎಂತದು? ಒಂದು ಕ್ವಿಜ್ ಸರಿಯಾಗಿ ಮಾಡ್ಲಿಕ್ಕೆ ಒಂದು ಇಡೀ ಸಂಜೆ ಬೇಕು, ಆ ಸಂಜೆ ಯಾರ ಲೆಕ್ಕಕ್ಕೆ? ಯೂನಿವರ್ಸಿಟಿ, ಕಾಲೇಜುಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರಿಗೆ ವಾರಕ್ಕೆ 16 ಗಂಟೆ ಪಾಠ ಅಂತ ಉಂಟು, ಇ-ಕಂಟೆಂಟ್ ಮಾಡಿದ್ರೆ ಪ್ರಮೋಷನ್‌ಗೆ ಪಾಯಿಂಟ್ ಸಹ ಉಂಟು. ನಾವು ಗೆಸ್ಟ್ ಲೆಕ್ಚರರ್ಸ್, ನಮಗೆ ಪ್ರಮೋಷನ್ನೇ ಇಲ್ಲ, ಬರುವ ವರ್ಷ ಅದೇ ಕಾಲೇಜಲ್ಲಿ ಇರ್ತೇನಾ ಅಂತಲೇ ಗೊತ್ತಿಲ್ಲ, ಮತ್ತೆ ನಾನು ಕೂತು ಮಾಡಿದ ಕೋರ್ಸ್ ಯಾರಿಗೆ?

ಹಳೇ_ಚಾಕ್‌ಪೀಸ್: ನಾನು ರಿಟೈರ್‌ಮೆಂಟ್ ಹತ್ರ ಬಂದವ. ಬೋರ್ಡಲ್ಲಿ ಡೆರಿವೇಶನ್ ಮಾಡುವಾಗ ಒಮ್ಮೆ ತಿರುಗಿ ಮಕ್ಕಳ ಮುಖ ನೋಡಿದ್ರೆ ಸಾಕು, ಅರ್ಥ ಆಗಿದ್ಯಾ ಇಲ್ವಾ ಗೊತ್ತಾಗ್ತದೆ. ಅದಕ್ಕೆ ಸಾಫ್ಟ್‌ವೇರ್ ಯಾಕೆ.

ಫಿಸಿಕ್ಸ್_ಮೇಡಂ: ಬೇಜಾರು ಮಾಡ್ಬೇಡಿ ಸರ್, ಮುಖ ನೋಡಿದ್ರೆ ಗೊತ್ತಾಗುದಿಲ್ಲ. ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ ಸಹ ತನ್ನ ಪಾಠ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗ್ತದೆ ಅಂತಲೇ ಇದ್ದದ್ದು, ಮತ್ತೆ ನೋಡಿದ್ರೆ ದೊಡ್ಡ ದೊಡ್ಡ ಪ್ರಾಬ್ಲಂ ಬಿಡಿಸುವವರೇ ನ್ಯೂಟನ್ ನಿಯಮದ ಸಾದಾ ಪ್ರಶ್ನೆಗೆ ತಪ್ಪು ಉತ್ತರ ಕೊಟ್ರು. 1991ರಿಂದ ಅವರು ಪಾಠದ ನಡುವೆ ಪ್ರಶ್ನೆ ಹಾಕಿ, ಪಕ್ಕದವರ ಹತ್ರ ಚರ್ಚೆ ಮಾಡ್ಲಿಕ್ಕೆ ಬಿಟ್ಟು, ಪುನಃ ಉತ್ತರ ಕೇಳ್ಲಿಕ್ಕೆ ಶುರು ಮಾಡಿದ್ರು. ನಾನು ಮೂಡಲ್‌ನಲ್ಲಿ ಒಂದೇ ಪ್ರಶ್ನೆ ಹಾಕಿದೆ: ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವಾಗ ಎಕ್ಸೆಲರೇಶನ್ ಎಷ್ಟು? ಅರ್ಧಕ್ಕಿಂತ ಜಾಸ್ತಿ ಜನ ಸೊನ್ನೆ ಒತ್ತಿದ್ರು! ಸೊನ್ನೆ ಆಗುದು ವೆಲಾಸಿಟಿ, ಎಕ್ಸೆಲರೇಶನ್ 9.8 ಹಾಗೆಯೇ ಉಂಟಲ್ಲ. ಇವರೇ ಹಿಂದಿನ ವಾರ ಅದರ ಲೆಕ್ಕ ಪಟಪಟ ಮಾಡಿದವರು. ಯಾವ ಉತ್ತರಕ್ಕೆ ಎಷ್ಟು ಜನ ಅನ್ನುವ ಗ್ರಾಫ್ ಸ್ಟಾಫ್‌ರೂಮಲ್ಲಿ ತೋರಿಸಿದ ಮೇಲೆ ಮ್ಯಾತ್ಸ್‌ನವರು ತಾವಾಗಿಯೇ ಬಂದು ಕೇಳಿದ್ರು, ಯಾವ ಸರ್ಕ್ಯುಲರೂ ಬೇಕಾಗ್ಲಿಲ್ಲ.

ಹಳೇ_ಚಾಕ್‌ಪೀಸ್: ಪ್ರಶ್ನೆ ಒಳ್ಳೇದುಂಟು. ಆದ್ರೆ ಕೈ ಎತ್ತಿ ಅಂದ್ರೂ ಆಗ್ತದಲ್ಲ?

ಫಿಸಿಕ್ಸ್_ಮೇಡಂ: ಫಸ್ಟ್ ಬೆಂಚಿನ ರ‍್ಯಾಂಕ್ ಹುಡುಗಿ ಯಾವುದಕ್ಕೆ ಎತ್ತಿದ್ಲು ಅಂತ ನೋಡಿ ಉಳಿದವರು ಎತ್ತುದು ಸರ್ 😄

ಲ್ಯಾಬ್_ಅಣ್ಣ: ನಾನು ಕಂಡದ್ದು ಹೇಳ್ತೇನೆ, ಟ್ರೈನಿಂಗ್‌ನಲ್ಲಿ ನೂರು ಬಟನ್ ತೋರಿಸ್ತಾರೆ, ಮರುದಿನ ಪಾಸ್‌ವರ್ಡೇ ನೆನಪಿರುದಿಲ್ಲ. ಡಿಪಾರ್ಟ್‌ಮೆಂಟಲ್ಲಿ ಒಬ್ಬರು ಪಕ್ಕ ಕೂತು ಅವರದ್ದೇ ಪ್ರಶ್ನೆ ಹಾಕಿ ಕೊಡ್ಬೇಕು. ಒಂದೊಂದೇ ಟೈಪ್ ಮಾಡುದು ಬೇಡ, ನೋಟ್‌ಪ್ಯಾಡಲ್ಲಿ ಪ್ರಶ್ನೆ ಬರೆದು ಬ್ರಾಕೆಟ್ ಒಳಗೆ ಸರಿ ಉತ್ತರದ ಹಿಂದೆ =, ತಪ್ಪಿನ ಹಿಂದೆ ~ ಹಾಕಿದ್ರೆ ಒಟ್ಟಿಗೆ ಇಂಪೋರ್ಟ್ ಆಗ್ತದೆ. ಗಿಫ್ಟ್ ಫಾರ್ಮ್ಯಾಟ್ ಅಂತ. ಬ್ರಾಕೆಟ್ ಹೂವಿನದ್ದು, {} ಇದು.

ಗೆಸ್ಟ್_ಉಡುಪಿ: ಅದೆಲ್ಲ ಸರಿ, ನನ್ನದು ಹಿಸ್ಟರಿ, ಪ್ರಶ್ನೆ ಎಲ್ಲ ಕನ್ನಡದಲ್ಲಿ, ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಲ್ಲಿ ಉಂಟು. ಮೂಡಲ್‌ಗೆ ಹಾಕಿದ್ರೆ ಅಕ್ಷರ ಎಲ್ಲ ಚಿಂದಿಚಿತ್ರಾನ್ನ. ಟ್ರೈನಿಂಗಲ್ಲಿ ಕೇಳಿದ್ದಕ್ಕೆ ಇಂಗ್ಲಿಷಲ್ಲಿ ಹಾಕಿ ಮೇಡಂ ಅಂದ್ರು!

ಲ್ಯಾಬ್_ಅಣ್ಣ: ಅದು ಮೂಡಲ್‌ದ್ದು ತಪ್ಪಲ್ಲ ಅಕ್ಕ. ಮೊದಲು ಎಲ್ಲ ಕಂಪ್ಯೂಟರಲ್ಲೂ ಕನ್ನಡ ಸರಿಯಾಗಿ ಕಾಣುವ ಯುನಿಕೋಡ್‌ಗೆ ಕನ್ವರ್ಟ್ ಮಾಡಿ, ಒತ್ತಕ್ಷರ ಒಮ್ಮೆ ಕಣ್ಣಾಡಿಸಿ, ಯುಟಿಎಫ್-8 ಅಂತ ಸೇವ್ ಮಾಡಿದ್ರೆ ಆಯ್ತು. ಇನ್ನೊಂದು, ಕಾಲೇಜು ಬಿಡುವಾಗ ಕೋರ್ಸಿನ ಬ್ಯಾಕಪ್ ತೆಗೆದು ಇಟ್ಕೊಳ್ಳಿ, ಬೇರೆ ಕಡೆಯ ಮೂಡಲ್‌ನಲ್ಲಿ ರಿಸ್ಟೋರ್ ಮಾಡ್ಲಿಕ್ಕೆ ಆಗ್ತದೆ, ಮಾಡಿದ ಕೆಲಸ ನಿಮ್ಮ ಹತ್ರವೇ ಇರ್ತದೆ.

ಗೆಸ್ಟ್_ಉಡುಪಿ: ಇದು ಯಾರೂ ಹೇಳಿರ್ಲಿಲ್ಲ ನೋಡಿ. ಸರಿ, ಒಂದು ಯುನಿಟ್ ಹಾಕಿ ನೋಡ್ತೇನೆ. ಆದ್ರೆ ಆ ಸಂಜೆಯನ್ನ ವರ್ಕ್‌ಲೋಡಿಗೆ ಸೇರಿಸುವ ಮಾತು ನಾನು ಬಿಡುದಿಲ್ಲ, ಅದನ್ನ ಪ್ರಿನ್ಸಿಪಾಲರ ಹತ್ರ ನೀವು ಪರ್ಮನೆಂಟ್‌ನವರು ಎತ್ತಬೇಕು, ನಾವು ಹೇಳಿದ್ರೆ ಬರುವ ವರ್ಷ ಲಿಸ್ಟಲ್ಲಿ ಹೆಸರೇ ಇರುದಿಲ್ಲ.