ಸಹಾಯ ಬೇಕು: ಹಯಾಸಿಂಥಸ್ ಕಥೆಯ ಹೂವಿನ ಫೋಟೊ

ನಮಸ್ಕಾರ. ಗಿಡ ಗುರುತಿಸಬಲ್ಲವರು, ಪ್ರಾಚೀನ ಗ್ರೀಕ್ ಓದಬಲ್ಲವರು ದಯವಿಟ್ಟು ನೋಡಿ. ಗ್ರೀಕ್ ದೇವ ಅಪೊಲೊ ಪ್ರೀತಿಸಿದ ಸ್ಪಾರ್ಟಾದ ತರುಣ ಹಯಾಸಿಂಥಸ್‌ನ ಕಥೆಗೆ ಚಿತ್ರ ಬರೆಸಬೇಕಿದೆ. ಅದು ಯಾವ ಹೂವು ಎಂಬಲ್ಲಿ ಕೆಲಸ ನಿಂತಿದೆ.

ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸಿಸ್’ ಕಾವ್ಯದ 10ನೇ ಭಾಗದಲ್ಲಿ ಅಪೊಲೊ ಎಸೆದ ಡಿಸ್ಕಸ್ (ಆಟದ ಚಕ್ರ) ಗಟ್ಟಿ ನೆಲಕ್ಕೆ ಬಡಿದು ಪುಟಿದು, ಅದನ್ನು ಎತ್ತಿಕೊಳ್ಳಲು ಓಡಿದ ಹುಡುಗನ ಮುಖಕ್ಕೆ ತಗಲುತ್ತದೆ. (ಗಾಳಿದೇವ ಜೆಫಿರಸ್‌ನ ಹೊಟ್ಟೆಕಿಚ್ಚು ಗ್ರೀಕ್ ಲೇಖಕ ಲೂಸಿಯನ್‌ನಲ್ಲಿದೆ, ಓವಿಡ್‌ನಲ್ಲಿಲ್ಲ. ಎರಡನ್ನೂ ಬೆರೆಸುವುದು ಬೇಡ.) ರಕ್ತದಿಂದ ಹುಟ್ಟಿದ ಹೂವಿಗೆ ಲಿಲಿಯ ಆಕಾರ, ಕೆನ್ನೇರಳೆ ಬಣ್ಣ, ಎಸಳಿನ ಮೇಲೆ ಗೋಳಾಟದ ‘ಐ ಐ’ (AI AI) ಅಕ್ಷರ. ಇಂದು ಕುಂಡದಲ್ಲಿ ಬೆಳೆಸುವ ಹಯಾಸಿಂತ್ ಹೂವಿನಲ್ಲಿ ಇಂಥ ಗುರುತೇ ಇಲ್ಲ. ಹೆಸರು ಒಂದೇ ಆದ್ದರಿಂದ ಚಿತ್ರಕಾರರು ಅದನ್ನೇ ಬರೆದುಬಿಡುತ್ತಾರೆ. ಲಾರ್ಕ್‌ಸ್ಪರ್ ಹೂವಿನ ಎಸಳಲ್ಲಿ ಅಕ್ಷರದಂಥ ಗೆರೆಗಳಿವೆ, ಆದರೆ ಆಕಾರ ಲಿಲಿಯದಲ್ಲ. ಗ್ಲಾಡಿಯೋಲಸ್ ಇಟಾಲಿಕಸ್‌ನ ಕೆಳ ಎಸಳುಗಳಲ್ಲಿ ಗುರುತಿದೆ, ಆಕಾರವೂ ಹೊಂದುತ್ತದೆ. ನನ್ನ ಒಲವು ಇದರತ್ತ.

ಲಾರ್ಕ್‌ಸ್ಪರ್, ಗ್ಲಾಡಿಯೋಲಸ್ ಎರಡೂ ಹೂಗಳ ಎಸಳನ್ನು ತೀರ ಹತ್ತಿರದಿಂದ ತೆಗೆದ ಫೋಟೊ ಬೇಕು. ನೆರಳಲ್ಲಿ ತೆಗೆಯಿರಿ, ನೇರ ಬಿಸಿಲಿಗೆ ಗೆರೆ ಮಾಸಿ ಕಾಣುತ್ತದೆ. ಗ್ರೀಸ್, ಇಟಲಿ ಕಡೆ ಇರುವ ಕನ್ನಡಿಗರಿಗೆ ಕಾಡುಹೂವೇ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನೊಂದು ಸಹಾಯ: ಪ್ರಾಚೀನ ಗ್ರೀಕ್ ಪ್ರವಾಸಿ ಪೌಸನಿಯಸ್‌ನ ಗ್ರಂಥದ 3.19ರ (3ನೇ ಭಾಗ, 19ನೇ ಅಧ್ಯಾಯ) ಪ್ರಕಾರ, ಸ್ಪಾರ್ಟಾ ಬಳಿಯ ಅಮೀಕ್ಲೆಯಲ್ಲಿ ಅಪೊಲೊ ವಿಗ್ರಹದ ಪೀಠವೇ ಹಯಾಸಿಂಥಸ್‌ನ ಸಮಾಧಿಯಾಗಿತ್ತು. ಹಬ್ಬದಲ್ಲಿ ಅಪೊಲೊಗಿಂತ ಮೊದಲು, ಎಡಗಡೆಯ ಕಂಚಿನ ಬಾಗಿಲ ಮೂಲಕ ಇವನಿಗೆ ಅರ್ಪಣೆ ಸಲ್ಲುತ್ತಿತ್ತು. ಅಲ್ಲಿನ ಕೆತ್ತನೆಯಲ್ಲಿ ಇವನಿಗೆ ಗಡ್ಡವಿತ್ತಂತೆ! ಆ ಸಾಲುಗಳನ್ನು ಮೂಲದಿಂದಲೇ ಯಾರಾದರೂ ಕನ್ನಡಕ್ಕೆ ತಂದುಕೊಡುತ್ತೀರಾ?